ಗುಲಾಬಸಾಬ ವಿಮಾನದಲ್ಲಿ ಮಾಡಿದ ಜಿಕ್ರ

ಹುಬ್ಬಳ್ಳಿಯಿಂದ ಗಬ್ಬೂರಿನ ಕಡೆ ಹೊರಟರೆ, ಬೈಪಾಸು ಸೇರುವ ಮುನ್ನ ರಸ್ತೆಯ ಬದಿಗೆ ಗ್ಯಾರೇಜುಗಳ ಸಾಲು. ಅದರಲ್ಲಿ ತಗಡಿನ ಮಾಡಿನ, ಬೋರ್ಡಿಲ್ಲದ ಒಂದು ಗ್ಯಾರೇಜು ಗುಲಾಬಸಾಬನದು. ಬೋರ್ಡು ಬೇಕಾಗಿಯೂ ಇಲ್ಲ. ಲಾರಿಯ ಬ್ರೇಕು ಕೈಕೊಟ್ಟಿತೆಂದರೆ ಡ್ರೈವರುಗಳು ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಬರುತ್ತಾರೆ. ಕಣ್ಣು ಮುಚ್ಚಿಕೊಂಡು ಎಂಬುದು ಮಾತಿಗೆ ಅಂದದ್ದು. ಬ್ರೇಕಿಲ್ಲದ ಗಾಡಿಯನ್ನು ಹಾಗೆ ಓಡಿಸಿದರೆ ಗುಲಾಬಸಾಬನೇ ಕಪಾಳಕ್ಕೆ ಬಾರಿಸುತ್ತಾನೆ.

ವಯಸ್ಸು ಅರವತ್ತು ದಾಟಿದೆ. ಗಡ್ಡ ಬೆಳ್ಳಗಾಗಿದೆ, ರಟ್ಟೆ ಇನ್ನೂ ಕರಗಿಲ್ಲ. ಧೈರ್ಯಕ್ಕೆ ಹೆಸರಾದ ಆಸಾಮಿ. ಹಿಂದೊಮ್ಮೆ ಹೆಬ್ಬಳ್ಳಿಯ ಹತ್ತಿ ವ್ಯಾಪಾರಿ ಸಿದ್ದಲಿಂಗಪ್ಪನ ತುಂಬಿದ ಲಾರಿ ಇಳಿಜಾರಿನಲ್ಲಿ ತಾನಾಗಿಯೇ ಉರುಳತೊಡಗಿದಾಗ, ಉರುಳುವ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದವನು ಇವನೇ. ಆ ಕತೆಯನ್ನು ಸಿದ್ದಲಿಂಗಪ್ಪ ಇವತ್ತಿಗೂ ಹೇಳುತ್ತಾನೆ. ಹೇಳಿದಾಗಲೆಲ್ಲ ಇಳಿಜಾರು ಒಂದಿಷ್ಟು ಕಡಿದಾಗುತ್ತದೆ. ಗುಲಾಬಸಾಬ ಸಾಕು ಸಾಕು ಎನ್ನುತ್ತಲೇ ಪೂರ್ತಿ ಕೇಳುತ್ತಾನೆ.

ಇಂಥ ಗಂಡಿಗೆ ಹೆಂಡತಿಯಾಗಿ ಸಿಕ್ಕವಳು ಮಕ್ತುಮಬಿ. ಹಲ್ಲಿ ಕಂಡರೆ ಹೆದರುತ್ತಾಳೆ, ಗುಡುಗಿದರೆ ಹೆದರುತ್ತಾಳೆ, ದೇಶಪಾಂಡೆ ನಗರದ ದವಾಖಾನೆಯ ಲಿಫ್ಟು ಹತ್ತಲು ಹೆದರಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಏರುತ್ತಾಳೆ. ಮನೆಗೆ ಬೀಗರು ಬಂದಾಗ ಗುಲಾಬಸಾಬನಿಗೆ ಇದೇ ಮೋಜು. "ನಮ್ಮಾಕಿ ಅಂಜುಬುರುಕಿ ಅದಾಳ್ರಿ. ತನ್ನ ನೆರಳು ಕಂಡ್ರೂ ಓಡ್ತಾಳ" ಎಂದು ಅವನು ನಗುತ್ತಾನೆ, ಬೀಗರೂ ನಗುತ್ತಾರೆ. ಮಕ್ತುಮಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೂ ನಗುತ್ತಾಳೆ. ಆ ಮನೆಯ ಹಳೆಯ ರೂಢಿ ಅದು.

ಹೀಗಿರುವವನಿಗೆ ವಿಮಾನದ ಅಂಜಿಕೆ ಇದೆಯೆಂದರೆ ಯಾರು ನಂಬುತ್ತಾರೆ? ಹೋದ ವರ್ಷದವರೆಗೆ ಅವನೂ ನಂಬುತ್ತಿರಲಿಲ್ಲ. ಗುಲಾಬಸಾಬನ ತಂಗಿಯ ಮಗಳ ಮದುವೆಗೆಂದು ಮಗ ಅರಫಾತ ಅವನೊಬ್ಬನನ್ನೇ ಹುಬ್ಬಳ್ಳಿಯಲ್ಲಿ ಹೈದರಾಬಾದಿನ ವಿಮಾನ ಹತ್ತಿಸಿದ. ಗಾಲಿ ನೆಲ ಬಿಟ್ಟದ್ದೇ ತಡ, ಗುಲಾಬಸಾಬನ ಎದೆ ಬಾಯಿಗೆ ಬಂತು. ಯಾವ ಗಾಡಿ ಕೆಟ್ಟರೂ ಬದಿಗೆ ಹಚ್ಚಿ ನಿಲ್ಲಿಸಬಹುದು. ಇದನ್ನು ಎಲ್ಲಿಗೆ ಹಚ್ಚುವುದು? ಪಕ್ಕದ ಸೀಟಿನಲ್ಲಿದ್ದ, ಗುರುತು ಪರಿಚಯವಿಲ್ಲದ ಹುಡುಗಿಯ ಕೈಯನ್ನು ಅವನು ಹೇಗೆ ಅಮುಕಿ ಹಿಡಿದಿದ್ದನೆಂದರೆ, ಇಳಿಯುವಾಗ ಅವಳು ಬೆರಳು ನೀವಿಕೊಳ್ಳುತ್ತ "ಪರವಾಗಿಲ್ಲ ಅಂಕಲ್" ಎಂದಳು. ಮೊಮ್ಮಗಳ ವಾರಿಗೆಯ ಹುಡುಗಿ. ಅವನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಮದುವೆಯ ಊಟವನ್ನು ತಟ್ಟೆಯಲ್ಲೇ ಬಿಟ್ಟೆದ್ದ. ಹೊಟ್ಟೆ ಕೆಟ್ಟಿದೆ ಎಂದು ನೆಪ ಹೇಳಿ ರೈಲಿನಲ್ಲಿ ವಾಪಸು ಬಂದ. ಹೊಟ್ಟೆ ಕೆಟ್ಟವನಿಗೆ ರೈಲೇ ಯಾಕೆ ಬೇಕಾಯಿತೆಂದು ಯಾರೂ ಕೇಳಲಿಲ್ಲ, ಅದು ಅವನ ಪುಣ್ಯ.

ಆದರೆ ಈ ವರ್ಷ ರೈಲು ಹೋಗದ ಊರಿಗೆ ಹೊರಡಬೇಕಾಗಿ ಬಂತು. ಉಮ್ರಾ ಯಾತ್ರೆಗೆ, ಮಕ್ಕಾ ಶರೀಫಿಗೆ. ಮಕ್ತುಮಬಿ ಮದುವೆಯಾಗಿ ಬಂದಾಗಿನಿಂದ ಇಟ್ಟುಕೊಂಡ ಆಸೆ ಅದು. ಬೇರೆ ಏನನ್ನೂ ಅವಳು ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಅರಫಾತ ಊರಿನ ತಂಡವೊಂದರಲ್ಲಿ ಇಬ್ಬರ ಹೆಸರನ್ನೂ ಬರೆಸಿ ಬಂದು ಹೇಳಿದ ದಿನ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಗುಲಾಬಸಾಬನ ಕಣ್ಣೂ ಒದ್ದೆಯಾದವು. ಕಾರಣ ಬೇರೆ ಎಂಬುದು ಅವನಿಗೊಬ್ಬನಿಗೇ ಗೊತ್ತು.

ಹೊರಡುವ ಮುಂಚೆ ತಂಡದ ಮೌಲಾನಾ ಕಮರುದ್ದೀನರು ಎಲ್ಲರನ್ನೂ ಶಾದಿಮಹಲಿನಲ್ಲಿ ಕೂರಿಸಿ ಪಾಠ ಹೇಳಿದರು. ಮಕ್ಕಾದ ಸುತ್ತ ಮೀಕಾತ್ ಎಂಬ ಗಡಿ ಇದೆ. ಅದನ್ನು ದಾಟುವ ಮೊದಲೇ ಉಮ್ರಾದ ಸಂಕಲ್ಪ ಮಾಡಬೇಕು, ಅದಕ್ಕೆ ನೀಯತ್ ಎನ್ನುತ್ತಾರೆ. ಮಾಡಿ, ನಿನ್ನ ಕರೆಗೆ ಓಗೊಟ್ಟು ಬಂದೆ ಎಂದು ದೇವರಿಗೆ 'ಲಬ್ಬೈಕ್' ಹೇಳಬೇಕು. ವಿಮಾನದಲ್ಲಿ ಹೋಗುವವರಿಗೆ ಆ ಗಡಿ ಆಕಾಶದಲ್ಲೇ ಬರುತ್ತದೆ, ಬಂತೆಂದು ಸ್ಪೀಕರಿನಲ್ಲಿ ಹೇಳುತ್ತಾರೆ.

"ಇಹ್ರಾಮಿನ ಬಿಳಿ ಬಟ್ಟಿ ಬೆಂಗಳೂರಾಗ ತೊಟ್ಕೊರಿ. ನೀಯತ್ ಮಾತ್ರ ಮ್ಯಾಲ ಅವರು ಹೇಳಿದಾಗ ಮಾಡ್ರಿ" ಎಂದರು ಮೌಲಾನಾ. "ಕೆಲವರು ಉಮೇದಿಗೆ ಬಿದ್ದು ಬಸ್ಸಿನ್ಯಾಗಿಂದನ ಲಬ್ಬೈಕ್ ಶುರು ಮಾಡ್ತಾರ. ಅವರ ಬಾಯಿ ನೋಡಿ ನೀವು ಅನ್ನಬ್ಯಾಡ್ರಿ. ಹಂಗಂತ ಗಡಿ ದಾಟಿಸಿದ್ರೂ ನಡ್ಯೂದಿಲ್ಲ. ದಂಡ ಬೀಳ್ತದ, ಅಲ್ಲೇ ಒಂದು ಕುರಿ ಕುರ್ಬಾನಿ ಕೊಡಬೇಕಾಗ್ತದ."

ಹೆಬ್ಬಳ್ಳಿಯಲ್ಲಿ ಹುಟ್ಟಿದ ಮಕ್ತುಮಬಿಗೆ ಮನೆಮಾತು ಬಿಟ್ಟರೆ ಬೇರೆ ಬಾರದು. "ನನಗ ಆ ಸ್ಪೀಕರಿನ ಮಾತು ತಿಳಿಯೂದಿಲ್ರಿ" ಎಂದು ಗಂಡನ ಕಡೆ ವಾಲಿ ಉಸುರಿದಳು.

"ನಾ ಇಲ್ಲೇನು?" ಎಂದ ಗುಲಾಬಸಾಬ. "ನಾ ಅನ್ನು ಅಂದಾಗ ಅನ್ನು. ಅಲ್ಲೀತನಕ ಯಾರರ ಏನರ ಅನ್ನಲಿ, ನೀ ಬಾಯಿ ತಗೀಬ್ಯಾಡ."

ಪಾಠದ ಕೊನೆಗೆ ಮೌಲಾನಾ ಇನ್ನೊಂದು ಮಾತು ಹೇಳಿದರು. ಈ ದಾರಿಯಲ್ಲಿ ಪ್ರಾಣ ಹೋದವನು ಭಾಗ್ಯವಂತ, ಸತ್ತವರೆಲ್ಲ ಏಳುವ ಕಯಾಮತ್ತಿನ ದಿನ ಅವನು ಲಬ್ಬೈಕ್ ಎನ್ನುತ್ತಲೇ ಏಳುತ್ತಾನೆ. ಇಡೀ ಸಭೆ ಆಮೀನ್ ಎಂದಿತು. ಹಲ್ಲಿಗೆ ಹೆದರುವ ಮಕ್ತುಮಬಿಯೂ ಗಟ್ಟಿಯಾಗಿ ಅಂದಳು. ಗುಲಾಬಸಾಬ ತುಟಿಯನ್ನಷ್ಟೇ ಆಡಿಸಿದ. ದೇವರ ಮನೆಗೆ ಹೊರಟವನಿಗೆ ದಾರಿಯಲ್ಲಿ ಸತ್ತೇನೆಂಬ ಅಂಜಿಕೆ! ಐದು ಹೊತ್ತು ಹಣೆ ನೆಲಕ್ಕೆ ಹಚ್ಚಿದ್ದು ಏತಕ್ಕೆ ಬಂತು ಎಂದು ತನ್ನನ್ನೇ ಹಳಿದುಕೊಂಡ. ಹೆದರಿದ್ದಕ್ಕಿಂತ ಹೆಚ್ಚಾಗಿ, ಹೆದರಿದೆನಲ್ಲ ಎಂಬ ನಾಚಿಕೆ ಅವನನ್ನು ತಿನ್ನತೊಡಗಿತು.

ಅದರ ಮೇಲೆ ಸಿದ್ದಲಿಂಗಪ್ಪನ ಸಮಾಧಾನ ಬೇರೆ. ಎರಡು ಸಲ ದಿಲ್ಲಿಗೆ ಹಾರಿ ಬಂದವನು ಅವನು. ಗ್ಯಾರೇಜಿನ ಬಾಕಿನ ಮೇಲೆ ಕೂತು, "ಏನೂ ಆಗೂದಿಲ್ಲೋ ಸಾಬಾ. ಒಮ್ಮೊಮ್ಮೆ ಧಡಲ್ ಅಂತ ಕೆಳಗ ಇಳೀತದ, ಕರುಳು ಬಾಯಿಗೆ ಬಂದಂಗ ಆಗ್ತದ, ಅಷ್ಟ. ರೆಕ್ಕಿ ಥರಥರ ನಡಗ್ತಾವ, ಮುರ್ಯೂದಿಲ್ಲ. ನಿನಗೇನು, ಲಾರಿ ನಿಂದರಿಸಿದ ಮನಶ್ಯಾ!" ಎಂದು ಧೈರ್ಯ ತುಂಬಿ, ಚಹಾ ಕುಡಿದು ಹೋದ. ಅವನು ಹೋದ ಮೇಲೆ ಗುಲಾಬಸಾಬ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಎಲ್ಲಿಟ್ಟನೆಂಬುದೇ ಮರೆತು ಇಡೀ ಮಧ್ಯಾಹ್ನ ಹುಡುಕಿದ.

ಗುಟ್ಟು ಹಿಡಿದವಳು ಮೊಮ್ಮಗಳು ಫಿಜಾ. ಮನೆಯ ಹಿತ್ತಿಲಲ್ಲಿ ಅಜ್ಜ ಒಬ್ಬನೇ ಕೂತು ಫೋನಿನಲ್ಲಿ ವಿಮಾನ ಬೀಳುವ ವಿಡಿಯೋಗಳನ್ನು ಒಂದರ ಮೇಲೊಂದು ನೋಡುತ್ತಿರುವಾಗ ಅವಳು ಹಿಂದೆ ಬಂದು ನಿಂತಿದ್ದಳು. ಕಾಲೇಜಿನಲ್ಲಿ ಓದುವ ಹುಡುಗಿ. ಪರೀಕ್ಷೆ ಬಂತೆಂದರೆ ಅವಳಿಗೇ ಕೈಕಾಲು ತಣ್ಣಗಾಗುತ್ತವೆ. ಹಾಗಾಗಿ ಗುರುತು ಹಿಡಿಯಲು ತಡವಾಗಲಿಲ್ಲ.

"ದಾದಾ, ನಿಮಗ ಅಂಜಿಕಿ ಬರ್ತದೇನು?"

"ಹೋಗ ಹುಚ್ಚಿ" ಎಂದ ಗುಲಾಬಸಾಬ. ಫೋನು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಅವಳು ಅದನ್ನು ಎತ್ತಿ ಒರೆಸಿ, ಪಕ್ಕದಲ್ಲಿ ಕೂತಳು. ಅವನು ಸ್ವಲ್ಪ ಹೊತ್ತು ಪೇರಲ ಗಿಡ ನೋಡಿದ. ಆಮೇಲೆ ಹೈದರಾಬಾದಿನ ಹುಡುಗಿಯ ಕೈ ಹಿಡಿದದ್ದರ ತನಕ ಎಲ್ಲ ಹೇಳಿದ, ಅವಳ ಮುಖ ನೋಡದೆ.

ಫಿಜಾ ನಗಲಿಲ್ಲ. "ಮ್ಯಾಲ ಹೋದಮ್ಯಾಲ ನೆಟ್ ಸಿಗೂದಿಲ್ಲ ದಾದಾ. ಬೇಕಾದ್ದೆಲ್ಲಾ ಇಲ್ಲೇ ಇಳಿಸಿ ಇಡ್ತೇನಿ. ನೆಟ್ ಇಲ್ದನೂ ನಡೀತಾವ" ಎಂದಳು. ಫೋನಿನಲ್ಲಿ ನೀಲಿ ಬಣ್ಣದ ಒಂದು ವೃತ್ತ ಬಂತು. ಅದು ಹಿಗ್ಗಿದಾಗ ಉಸಿರು ಒಳಗೆಳೆಯಬೇಕು, ಕುಗ್ಗಿದಾಗ ಬಿಡಬೇಕು. ವಿಮಾನ ಎಲ್ಲಿದೆಯೆಂದು ತೋರಿಸುವ ನಕ್ಷೆ ಹಾಕಿಕೊಟ್ಟಳು. ಕೈಗೆ ಕೆಲಸವಿರಲೆಂದು ಚಿತ್ರದ ಚೂರುಗಳನ್ನು ಜೋಡಿಸುವ ಆಟವೊಂದು. ಫೋನಿನಲ್ಲಿ ಉಸಿರಾಟ ಹೇಳಿಕೊಡುವ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆಂದು ಫಿಜಾ ತಾನೇ ಕೋಣೆಯ ಬಾಗಿಲು ಹಾಕಿಕೊಂಡು ತನ್ನ ದನಿಯಲ್ಲಿ ಎಲ್ಲ ಮಾತಾಡಿ ತುಂಬಿಸಿದಳು. ವಿಮಾನದ ಯಾವ ಸಪ್ಪಳ ಏನೆಂಬುದನ್ನೂ ಸೇರಿಸಿದಳು. "ಗಡ್ ಅಂತಲ್ಲ, ಅದು ಗಾಲಿ ಒಳಗ ಮಡಚಿಕೊಂಡದ್ದು ದಾದಾ. ಗರ್ ಅಂದ್ರ ರೆಕ್ಕಿ ಉದ್ದ ಆಗಾಕತ್ತೇತಿ ಅಂತ ತಿಳ್ಕೋರಿ." ಯಂತ್ರದ ಮಾತು ಬಂದಾಗ ಗುಲಾಬಸಾಬನಿಗೆ ಒಂದಷ್ಟು ಹಗುರವೆನಿಸಿತು.

"ದಾದಿಗೆ ಹೇಳಬ್ಯಾಡ" ಎಂದ.

"ಯಾಕ? ಆಕಿಗೂ ಬೇಕಾಗ್ತದಲ್ಲ."

"ಆಕಿ ಕೂತಲ್ಲೇ ನಿದ್ದಿ ಮಾಡ್ತಾಳ. ಹೇಳಬ್ಯಾಡ ಅಂದ್ರ ಹೇಳಬ್ಯಾಡ."

ಅಲ್ಲಿಂದ ಮುಂದೆ ಗುಲಾಬಸಾಬ ಲಾರಿಯ ಕೆಳಗೆ ಮಲಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಉಸಿರಾಡುವುದನ್ನು ಕಲಿತ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವನ್ನು ಈ ವಯಸ್ಸಿನಲ್ಲಿ ಮೊಮ್ಮಗಳಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಅಲ್ಲೂ ನಾಚಿಕೆಯಾಯಿತು. ಕಿವಿಯಲ್ಲೇನು ಎಂದು ಕೇಳಿದವರಿಗೆ, ದುವಾ ಬಾಯಿಪಾಠ ಮಾಡುತ್ತಿದ್ದೇನೆ ಎಂದ. ಉಮ್ರಾದ ಹೆಸರಿನಲ್ಲಿ ಹೇಳಿದ ಮೊದಲ ಸುಳ್ಳು ಅದೇ, ಬಲು ಸಲೀಸಾಗಿ ಬಂತು.

ಉಮ್ರಾಕ್ಕೆ ಹೋಗುವವರು ಹೊರಡುವ ಮುಂಚೆ ಮನೆಮನೆಗೆ ಹೋಗಿ, ಆಡಿದ್ದು ಮಾಡಿದ್ದು ಏನಿದ್ದರೂ ಮಾಫ್ ಮಾಡಿರೆಂದು ಕೇಳಿಕೊಳ್ಳುವ ವಾಡಿಕೆ. ಗುಲಾಬಸಾಬನೂ ಕೇಳಿದ. ಅವನ ದನಿ ಎಷ್ಟು ನಡುಗುತ್ತಿತ್ತೆಂದರೆ ಎದುರಿನವರೇ ಅತ್ತರು. ಸಾಯಲು ಹೊರಟವನಂತೆ ಕೇಳುತ್ತಿದ್ದಾನೆಂದು ಅವರಿಗೇನು ಗೊತ್ತು? ಭಕ್ತಿಯೆಂದುಕೊಂಡರು. ಓಣಿಯೆಲ್ಲ ಸೇರಿ ಕೊರಳಿಗೆ ಹೂವಿನ ಹಾರ ಹಾಕಿ, ನಮಗೋಸ್ಕರ ದುವಾ ಮಾಡಿರೆಂದು ಕೈ ಹಿಡಿದು ಬೆಂಗಳೂರಿನ ಬಸ್ಸು ಹತ್ತಿಸಿತು.

ವಿಮಾನದಲ್ಲಿ ಮಕ್ತುಮಬಿ ಕಿಟಕಿಗೆ, ಗುಲಾಬಸಾಬ ಅವಳ ಪಕ್ಕಕ್ಕೆ. ಮೌಲಾನಾ ದೂರ ಮುಂದೆಲ್ಲೋ ಇದ್ದರು. ಬಿಳಿಯ ಎರಡು ತುಂಡು ಬಟ್ಟೆ ತೊಟ್ಟ ಗುಲಾಬಸಾಬ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ.

"ಏನ್ ಕೇಳ್ತೀರಿ?" ಎಂದಳು ಮಕ್ತುಮಬಿ.

"ಜಿಕ್ರ" ಎಂದ. ಜಿಕ್ರವೆಂದರೆ ದೇವರ ನಾಮಸ್ಮರಣೆ. ಆ ಬಟ್ಟೆ ತೊಟ್ಟು, ಆ ದಾರಿಯಲ್ಲಿ ಕೂತು ಹೇಳಿದ ಸುಳ್ಳು. ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಗೌರವದಿಂದ ಸುಮ್ಮನಾದಳು.

ಕಿವಿಯಲ್ಲಿ ಫಿಜಾ, "ಮೂಗಿನಿಂದ ತಗೋರಿ ದಾದಾ. ಒಂದು, ಎರಡು, ಮೂರು, ನಾಕು. ಹಿಡೀರಿ. ಈಗ ಸಾವಕಾಶ ಬಿಡ್ರಿ" ಎನ್ನುತ್ತಿದ್ದಳು. ಗಾಲಿ ನೆಲ ಬಿಟ್ಟಿತು. ಅವನ ತುಟಿ ಅಂಕಿ ಎಣಿಸುತ್ತ ಅಲುಗಿದವು. ಖರೆ ಹೇಳಬೇಕೆಂದರೆ ಹುಡುಗಿಯ ಉಪಾಯ ಕೆಲಸ ಮಾಡಿತು. ಎದೆ ಹೊಡೆದುಕೊಂಡಿತು, ಆದರೆ ಬಾಯಿಗೆ ಬರಲಿಲ್ಲ. ನಡುವೆ ಒಮ್ಮೆ ನಕ್ಷೆ ತೆಗೆದು ನೋಡಿದ. ನೀಲಿ ಚುಕ್ಕೆ ಸಮುದ್ರದ ಮೇಲೆ ಹೋಗುತ್ತಿತ್ತು. ಆಟದಲ್ಲಿ ಒಂದು ನವಿಲಿನ ಕೊರಳನ್ನೂ ಜೋಡಿಸಿದ.

ಸಮುದ್ರ ಮುಗಿದು ಮರಳುಗಾಡು ಬಂದ ಮೇಲೆ ವಿಮಾನ ಕುಲುಕಾಡತೊಡಗಿತು. ಸಿದ್ದಲಿಂಗಪ್ಪ ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಗುಲಾಬಸಾಬ ಕಣ್ಣು ಬಿಗಿಯಾಗಿ ಮುಚ್ಚಿ, ದನಿ ಜೋರು ಮಾಡಿ, ಫಿಜಾಳ ಅದೇ ಮಾತನ್ನು ಮತ್ತೆ ಮತ್ತೆ ಹಾಕಿಕೊಂಡ. ಕುಲುಕಾಟ ನಿಂತರೂ ಕಣ್ಣು ತೆರೆಯುವ ಧೈರ್ಯವಾಗಲಿಲ್ಲ. ಆಗ ಯಾರೋ ಮೊಣಕೈ ಮುಟ್ಟಿದಂತಾಯಿತು. ಅವನು ಕಣ್ಣು ಮುಚ್ಚಿಕೊಂಡೇ, ತಡಿ ಎಂದು ಅಂಗೈ ಎತ್ತಿ ತೋರಿಸಿದ. ಹಿಡೀರಿ ದಾದಾ, ಈಗ ಸಾವಕಾಶ ಬಿಡ್ರಿ.

ಗಾಲಿ ನೆಲಕ್ಕೆ ಬಡಿದಾಗಲೇ ಅವನು ಕಣ್ಣು ಬಿಟ್ಟದ್ದು. ಇಯರ್‌ಫೋನ್ ತೆಗೆದ. ವಿಮಾನದ ತುಂಬ ಲಬ್ಬೈಕ್, ಲಬ್ಬೈಕ್. ಗುಲಾಬಸಾಬ ಹಿಂದಿನ ಸೀಟಿನವನ ಕಡೆ ತಿರುಗಿ, "ಮೀಕಾತ್ ಬಂತೇನ್ರಿ?" ಎಂದು ಮೆಲ್ಲಗೆ ಕೇಳಿದ.

"ಅದು ದಾಟಿ ಭಾಳ ಹೊತ್ತಾತಲ್ರಿ ಚಾಚಾ. ಎರಡೆರಡು ಸಲ ಹೇಳಿದ್ರು."

ಮಕ್ತುಮಬಿ ಅವನನ್ನೇ ನೋಡುತ್ತಿದ್ದಳು. ತುಟಿ ಒಣಗಿದ್ದವು. "ಎಲ್ಲಾರೂ ಅಂದ್ರು. ನಾ ನಿಮ್ಮನ್ನ ಮುಟ್ಟಿದೆ, ನೀವು ತಡಿ ಅಂದ್ರಿ. ಅದಕ್ಕ ನಾ ಬಾಯಿ ತಗೀಲಿಲ್ಲ. ಈಗ ಅನ್ನಲೇನ್ರಿ?"

ಮರೆತೆ, ತಪ್ಪಾಯಿತು, ಗಡಿ ದಾಟಿಬಿಟ್ಟಿತು. ಹೇಳಬೇಕಾದದ್ದು ಇಷ್ಟೇ. ಅಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಯಾಕೆ ಮರೆತಿರಿ, ಕಿವಿಯಲ್ಲಿ ಏನಿತ್ತು?

"ಹೂಂ. ಈಗ ಅನ್ನು" ಎಂದ ಗುಲಾಬಸಾಬ.

ಅವಳು ಎರಡೂ ಕೈ ಎತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇಡೀ ಜೀವಮಾನ ಕಾದಿಟ್ಟ ಆ ಮಾತನ್ನು ನೆಲಕ್ಕಿಳಿದು ನಿಂತ ವಿಮಾನದಲ್ಲಿ ಹೇಳಿದಳು.

ಮಕ್ಕಾದ ಬಸ್ಸಿನಲ್ಲಿ ಮೌಲಾನಾ ಎದ್ದು ನಿಂತು, "ಎಲ್ಲಾರೂ ಮೀಕಾತಿಗೇ ನೀಯತ್ ಮಾಡಿರಿ ಹೌದಿಲ್ಲೋ?" ಎಂದು ಕೇಳಿದರು. ಹೌದು ಎಂದ ದನಿಗಳಲ್ಲಿ ಗುಲಾಬಸಾಬನದು ಎಲ್ಲರಿಗಿಂತ ಜೋರಾಗಿತ್ತು. ತಪ್ಪಿತಸ್ಥನ ಗಂಟಲು ಯಾವಾಗಲೂ ದೊಡ್ಡದು.

ಕಾಬಾ ಕಣ್ಣಿಗೆ ಬಿದ್ದಾಗ ಮಕ್ತುಮಬಿ ಸೆರಗೊಡ್ಡಿ ನಿಂತಳು. ಮೊದಲ ಸಲ ನೋಡಿದಾಗ ಕೇಳಿಕೊಂಡದ್ದು ಈಡೇರುತ್ತದೆಂದು ಅವಳು ನಂಬಿದ್ದಳು. ಏನು ಕೇಳುತ್ತಾಳೆಂದು ಗುಲಾಬಸಾಬ ಊಹಿಸಿದ್ದ: ಮಗ, ಮೊಮ್ಮಗಳು, ಮಂಡಿನೋವು. ಅವಳು ಅಳುತ್ತ ತನ್ನ ಮನೆಮಾತಿನಲ್ಲೇ ಕೇಳಿದಳು, "ನನ್ನ ಗಂಡಗ ಎಂಥಾ ಈಮಾನ, ಎಂಥಾ ನಂಬಿಗಿ ಕೊಟ್ಟಿ, ಅದರಾಗ ಒಂದು ಪಾಲು ನ‌ನಗೂ ಕೊಡು ನನ್ನಪ್ಪಾ. ನಾ ಭಾಳ ಅಂಜುಬುರುಕಿ ಅದೇನಿ."

ಅವಳ ಪಕ್ಕದಲ್ಲಿ ನಿಂತಿದ್ದ ಗುಲಾಬಸಾಬನಿಗೆ ಏನನ್ನು ಕೇಳುವುದಕ್ಕೂ ಬಾಯಿ ಬರಲಿಲ್ಲ. ಓಣಿಯವರು ಒಪ್ಪಿಸಿದ ದುವಾಗಳೆಲ್ಲ ಹಾಗೇ ಉಳಿದವು.

ಹೋಟೆಲಿನಲ್ಲಿ ಗಂಡಸರಿಗೆ ಒಂದು ಕೋಣೆ, ಹೆಂಗಸರಿಗೆ ಒಂದು ಕೋಣೆ. ಹೆಂಗಸರ ಕೋಣೆಯಲ್ಲಿ ಮಕ್ತುಮಬಿ ಗಂಡನ ಕತೆ ಹೇಳಿಯೇ ಹೇಳಿದಳು. ವಿಮಾನ ಹೊಯ್ದಾಡಿದಾಗ ಎಲ್ಲರೂ ಯಾ ಅಲ್ಲಾ ಎಂದು ಕೂಗಿದರಂತೆ, ಇವರು ಮಾತ್ರ ಕಣ್ಣು ಬಿಡದೆ, ತುಟಿ ಅಲುಗಿಸುತ್ತ, ಜಿಕ್ರದಲ್ಲಿ ಮುಳುಗಿ ಕೂತಿದ್ದರಂತೆ. ಎರಡು ದಿನದಲ್ಲಿ ಅದು ತಂಡಕ್ಕೆಲ್ಲ ಹಬ್ಬಿತು. ಊಟದ ಸಾಲಿನಲ್ಲಿ ಗುಲಾಬಸಾಬನಿಗೆ ದಾರಿ ಬಿಡತೊಡಗಿದರು. ಲಾರಿಯ ಕತೆಯನ್ನು ಸಾಕು ಸಾಕು ಎನ್ನುತ್ತ ಕೇಳುತ್ತಿದ್ದವನು ಈ ಕತೆ ಶುರುವಾದರೆ ಎದ್ದು ಹೋಗುತ್ತಿದ್ದ. ಅದನ್ನೂ ಜನ ವಿನಯವೆಂದರು.

ಒಂದು ಮಧ್ಯಾಹ್ನ ಧಾರವಾಡದ ಕಡೆಯ ಮುದುಕಿಯೊಬ್ಬಳು ನೀರಿನ ಬಾಟಲಿ ತಂದು ಅವನ ಮುಂದೆ ಹಿಡಿದಳು. ಊರಿನಲ್ಲಿ ಅವಳ ಮೊಮ್ಮಗುವಿಗೆ ಜ್ವರ ಬಿಟ್ಟಿಲ್ಲ. "ನಿಮ್ಮಂಥಾವರು ದುವಾ ಓದಿ ಊದಿಕೊಟ್ರ ಒಯ್ತೇನ್ರಿ. ಇಲ್ಲನ್ನಬ್ಯಾಡ್ರಿ" ಎಂದಳು. ಇಲ್ಲವೆನ್ನಲು ಕಾರಣ ಹೇಳಬೇಕಾಗುತ್ತದೆ. ಗುಲಾಬಸಾಬ ಬಾಟಲಿ ತೆಗೆದುಕೊಂಡು, ಬಾರದ ಬಾಯಲ್ಲಿ ಏನೋ ಗುನುಗಿ, ಊದಿಕೊಟ್ಟ. ಮುದುಕಿ ಬಾಟಲಿಯನ್ನು ಕಣ್ಣಿಗೊತ್ತಿಕೊಂಡಳು. ಅವಳು ಮರೆಯಾಗುವ ತನಕ ಹೇಗೋ ನಿಂತಿದ್ದು, ಅವನು ಬಚ್ಚಲುಮನೆಗೆ ಹೋಗಿ ತನ್ನ ಬಾಯಿಯನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡ. ಇಷ್ಟು ಹೊಲಸು ತನ್ನ ಕೈಗೆ ಗ್ರೀಸಿನಿಂದಲೂ ಎಂದೂ ಹತ್ತಿರಲಿಲ್ಲ ಎನಿಸಿತು. ಅಲ್ಲಿಂದ ನೇರ ಮೌಲಾನಾರ ಕೋಣೆಗೆ ನಡೆದ.

"ನನ್ನ ಗೆಳ್ಯಾ ಒಬ್ಬಾಂವ ಇದ್ದಾನ್ರಿ" ಎಂದು ಶುರು ಮಾಡಿದ. ಆ ಗೆಳೆಯ ಮೀಕಾತಿನಲ್ಲಿ ನೀಯತ್ ಮಾಡುವುದನ್ನು ಮರೆತದ್ದು, ಅವನನ್ನೇ ನಂಬಿಕೊಂಡ ಹೆಂಡತಿಯೂ ಉಳಿದದ್ದು, ಉಮ್ರಾ ಮುಗಿಸಿಬಿಟ್ಟದ್ದು ಎಲ್ಲ ಹೇಳಿದ. ಮೌಲಾನಾ ಕಮರುದ್ದೀನರು ಎದುರಿಗೆ ಕೂತ ಗೆಳೆಯನ ಮುಖವನ್ನು ಒಮ್ಮೆ ನೋಡಿ, ಆಮೇಲೆ ತಮ್ಮ ತಸ್ಬಿಯ ಮಣಿಗಳನ್ನೇ ನೋಡುತ್ತ ಮಾತಾಡಿದರು.

"ನಿಮ್ಮ ಗೆಳ್ಯಾ ಅವತ್ತ ಬಸ್ಸಿನ್ಯಾಗ ಹೇಳಿದ್ರ ಛಲೋ ಇತ್ತು. ಇಬ್ಬರನ್ನೂ ಗಡಿಗೆ ವಾಪಸ್ ಕಳಿಸಿ ಸರಿ ಮಾಡ್ತಿದ್ದೆ. ಇರಲಿ. ಉಮ್ರಾ ಆಗೇತಿ, ಕುಂದು ಉಳದೇತಿ. ಆಂವಂದೊಂದು ಕುರಿ, ಆಕೀದೊಂದು ಕುರಿ ಇಲ್ಲೇ ಕೊಡ್ಲಿ."

"ಆಕಿಗೆ ಹೇಳದನ ಆಕಿ ಹೆಸರಿಲೆ ಕೊಡಾಕ ಬರ್ತದೇನ್ರಿ?"

"ಬರೂದಿಲ್ಲ. ಕುಂದು ಆಕೀದು, ಒಪ್ಪಿಗಿನೂ ಆಕೀದ ಬೇಕು" ಎಂದರು ಮೌಲಾನಾ. ತಸ್ಬಿಯನ್ನು ಕೆಳಗಿಟ್ಟು, "ಕುರಿ ಕೊಡೂದು ಹಗರ ಸಾಬ್ರ, ಹೇಳೂದ ಭಾರ. ಆದ್ರ ನಿಮ್ಮ ಗೆಳ್ಯಾ ಹೇಳಲೇಬೇಕು" ಎಂದರು.

ಇಳಿಹೊತ್ತಿನ ಅಸರಿನ ನಮಾಜು ಮುಗಿದ ಮೇಲೆ ಹೊರಗಿನ ಅಂಗಳದ ಕಂಬವೊಂದರ ಬುಡದಲ್ಲಿ ಗಂಡ ಹೆಂಡಿರು ದಿನವೂ ಕೂಡುತ್ತಿದ್ದರು. ಅವತ್ತು ಮಕ್ತುಮಬಿ ಖರ್ಜೂರದ ಪೊಟ್ಟಣ ಬಿಚ್ಚಿಕೊಂಡು ಕಾದಿದ್ದಳು. ಗುಲಾಬಸಾಬ ಕೂತ. ಹೈದರಾಬಾದಿನಿಂದ ಶುರು ಮಾಡಿ, ಪೇರಲ ಗಿಡದ ಕೆಳಗೆ ಫಿಜಾ ಹಿಡಿದದ್ದು, ಕಿವಿಯಲ್ಲಿದ್ದದ್ದು ಜಿಕ್ರವಲ್ಲ ಉಸಿರಾಟದ ಪಾಠವೆಂಬುದು, ಗಡಿ ದಾಟಿದ ಮೇಲೆ ಈಗ ಅನ್ನು ಎಂದದ್ದು, ಮೌಲಾನಾ ಕೊಡಲು ಹೇಳಿದ ಎರಡು ಕುರಿ, ಒಂದೂ ಬಿಡದೆ ಹೇಳಿದ. ಹೇಳುವಾಗ ನೆಲದ ಹಾಸುಗಲ್ಲನ್ನೇ ನೋಡುತ್ತಿದ್ದ. ಕೊನೆಗೆ, "ನಿನ್ನ ಉಮ್ರಾ ನಾ ಕೆಡಿಸಿದೆ" ಎಂದ. ಅಳು ಬಂತು. ಹೆಂಡತಿಯ ಮುಂದೆ ಅವನು ಅತ್ತದ್ದು ಅದೇ ಮೊದಲು.

ಮಕ್ತುಮಬಿ ಖರ್ಜೂರದ ಪೊಟ್ಟಣವನ್ನು ಸುತ್ತಿ ಚೀಲಕ್ಕೆ ಹಾಕಿದಳು.

"ಅಷ್ಟು ಹೆದರಿದ್ರೇನು ನೀವು?"

"ಹೂಂ."

"ನನಗ್ಯಾಕ ಹೇಳಲಿಲ್ಲ?"

"ನಾಚಿಕಿ" ಎಂದ ಗುಲಾಬಸಾಬ.

"ನಾನೂ ಹೆದರಿದ್ದೆ" ಎಂದಳು ಮಕ್ತುಮಬಿ. ದನಿ ಏರಿಸಲಿಲ್ಲ. "ಗಾಲಿ ಎದ್ದಾಗಿಂದ ಇಳಿಯೂತನಕ ಹೆದರಿದ್ದೆ. ನಿಮ್ಮ ಕೈ ಹಿಡೀಬೇಕಂದೆ. ಮತ್ತ ಮನಿಗೆ ಹೋದಮ್ಯಾಲ ಬೀಗರ ಮುಂದ ಹೇಳಿ ನಗ್ತೀರಿ ಅಂತ ಹಿಡೀಲಿಲ್ಲ. ನಿಮ್ಮ ಮಾರಿ ನೋಡಿ ನೋಡಿ ಧೈರ್ಯಾ ತಂದ್ಕೊಂಡೆ. ಇವರು ದೇವರ ಧ್ಯಾನದಾಗ ಅದಾರ, ನನಗೇನೂ ಆಗೂದಿಲ್ಲ ಅಂತ. ನಿಮ್ಮ ಧ್ಯಾನ ಕೆಡಬಾರದಂತ ಉಸಿರು ಸೈತ ಗಟ್ಟಿ ಬಿಡಲಿಲ್ಲ ನಾ. ನಿಮ್ಮ ಕಿವ್ಯಾಗ ನನ್ನ ಮೊಮ್ಮಗಳು ಉಸಿರಾಡೂದು ಹೇಳಿಕೊಡಾಕತ್ತಿದ್ದಳು. ಬಾಜೂಕ ನಾ ಉಸಿರು ಕಟ್ಟಿ ಕುಂತಿದ್ದೆ."

ಗುಲಾಬಸಾಬ ಅವಳ ಕೈ ಹಿಡಿಯಲು ಕೈ ಚಾಚಿದ, ಅರ್ಧಕ್ಕೇ ವಾಪಸು ತೆಗೆದುಕೊಂಡ. ಹಿಡಿಯುವ ಮುಖ ತನಗಿಲ್ಲವೆನಿಸಿತು.

ಅಷ್ಟರಲ್ಲಿ ಅವಳ ಕೋಣೆಯ ಹೆಂಗಸರು ಅಂಗಳ ದಾಟಿ ಬಂದರು. ಜೊತೆಗೆ ಬೇರೆ ಊರಿನ ಮೂರು ನಾಲ್ಕು ಜನ ಹೊಸಬರು. "ಇಲ್ಲೇ ಅದಾರ ನೋಡ್ರಿ. ಮಕ್ತುಮಬಿ, ಇವರಿಗೆ ಒಂದಿಷ್ಟು ವಿಮಾನದ ಮಾತು ಹೇಳವ್ವಾ" ಎಂದು ಒಬ್ಬಳು ಕರೆದಳು. ನೀರಿನ ಬಾಟಲಿಯ ಮುದುಕಿಯೂ ಅವರಲ್ಲಿದ್ದಳು.

ಮಕ್ತುಮಬಿ ಮಂಡಿ ಹಿಡಿದುಕೊಂಡು ಎದ್ದಳು. ಗಂಡನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮಾಫಿಯೂ ಇರಲಿಲ್ಲ.

"ನಾ ಹೇಳಿದ್ದು ಸಾಕಾತು" ಎಂದಳು. "ಇವತ್ತ ಇವರ ಬಾಯಿಲೆ ಕೇಳ್ರಿ. ಎಲ್ಲಾ ಹೇಳ್ತಾರ."

ಹೆಂಗಸರು ಸೆರಗು ಸರಿಮಾಡಿಕೊಂಡು, ಪುಣ್ಯವಂತನ ಮಾತು ಕೇಳುವವರಂತೆ ಹತ್ತಿರ ಬಂದು ನಿಂತರು. ಗುಲಾಬಸಾಬ ಕಂಬ ಹಿಡಿದುಕೊಂಡು ಎದ್ದ. ಮಕ್ತುಮಬಿ ಅವನ ಪಕ್ಕದಲ್ಲೇ ಇದ್ದಳು, ಹೋಗಲಿಲ್ಲ.

"ನಾ ಜಿಕ್ರ ಮಾಡಿರಲಿಲ್ರಿ" ಎಂದ. ಮೂಗಿನಿಂದ ಉಸಿರು ತೆಗೆದುಕೊಂಡು, ನಾಲ್ಕರ ತನಕ ಎಣಿಸಿ, ಸಾವಕಾಶ ಬಿಟ್ಟ. ಅವರೆಲ್ಲ ನಿಂತು ಕಾದರು.